ಸೈಕಲ್ ಸ್ಟಾರ್ಟ್ ಒತ್ತುವ ಹುಡುಗನಿಗೆ ಪ್ರೋಗ್ರಾಂ ಯಾಕೆ ಕಲಿಸುವುದಿಲ್ಲ?

‘ಹಳ್ಳಿ ಹುಡುಗರು ಮಷೀನ್ ಓಡಿಸ್ತಾರೆ ಸಾರ್, ಪ್ರೋಗ್ರಾಂ ಎಲ್ಲ ಅವರ ಕೈಲಾಗಲ್ಲ. ಇಂಗ್ಲಿಷ್ ಬೇಕಲ್ಲ.’

ಬಿನ್ನಿಪೇಟೆಯಿಂದ ಮಾಗಡಿ ರಸ್ತೆ ಹಿಡಿದು ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ ಕಡೆ ಹೋದರೆ ಈ ಮಾತು ಕಿವಿಗೆ ಬೀಳದೆ ಇರದು. ಮಾಲೀಕರು ಹೇಳುತ್ತಾರೆ, ಸೂಪರ್‌ವೈಸರ್ ಹೇಳುತ್ತಾರೆ, ಎರಡು ವರ್ಷ ಕಳೆಯುವಷ್ಟರಲ್ಲಿ ಆ ಹುಡುಗರೇ ಹೇಳಲು ಶುರುಮಾಡಿರುತ್ತಾರೆ. ನಾವು ಈ ಮಾತನ್ನು ಒಪ್ಪುವುದಿಲ್ಲ. ಇಂಗ್ಲಿಷ್ ಬರುವುದಿಲ್ಲ ಎಂಬ ಕಾರಣಕ್ಕೆ ಪ್ರೋಗ್ರಾಂ ಕಲಿಸದೆ ಇರುವುದು ಒಂದು ನೆಪ. ಆ ನೆಪದ ಮೇಲೆ ನಮ್ಮ ಶಿರಾ, ಮಾಗಡಿ, ಕುಣಿಗಲ್, ಪಾವಗಡದ ಹುಡುಗರ ಸಂಬಳ ನಿಂತಿದೆ.

ನಾವು ಹೇಳುತ್ತಿರುವುದು ಅಲ್ಯೂಮಿನಿಯಂ ಸೆಕ್ಷನ್‌ಗಳಿಗೆ ತೂತು ಕೊರೆಯುವ, ಸ್ಲಾಟ್ ಹೊಡೆಯುವ ಸಿಎನ್‌ಸಿ ಮಷೀನಿನ ವಿಷಯ. ನೋಡದವರಿಗೆ ಸ್ವಲ್ಪ ವಿವರ ಹೇಳಬೇಕು. ಕಿಟಕಿ, ಬಾಗಿಲು, ಕಟ್ಟಡದ ಗಾಜಿನ ಮುಖಕ್ಕೆ ಬಳಸುವ ಅಲ್ಯೂಮಿನಿಯಂ ಉದ್ದುದ್ದ ಪಟ್ಟಿಗಳಾಗಿ ಬರುತ್ತದೆ, ಒಳಗೆ ಟೊಳ್ಳು. ಅದರಲ್ಲಿ ಬೀಗದ ಕಿಂಡಿ, ಹ್ಯಾಂಡಲ್‌ನ ಸ್ಕ್ರೂ ತೂತು, ಮಳೆನೀರು ಹೊರಹೋಗುವ ಸ್ಲಾಟ್ ಎಲ್ಲ ಮಾಡಬೇಕು. ಸಣ್ಣ ಅಂಗಡಿಗಳಲ್ಲಿ ಇವತ್ತಿಗೂ ಮಾರ್ಕರ್‌ನಲ್ಲಿ ಗುರುತು ಹಾಕಿ, ಪಂಚ್ ಹೊಡೆದು, ಕೈ ಡ್ರಿಲ್‌ನಲ್ಲಿ ಕೊರೆಯುತ್ತಾರೆ. ದೊಡ್ಡ ಕೆಲಸ ಹಿಡಿಯುವವರು ಉದ್ದನೆಯ ಬೆಡ್ ಇರುವ ಸಿಎನ್‌ಸಿ ತಂದಿದ್ದಾರೆ. ಪಟ್ಟಿಯನ್ನು ಎಡಗಡೆಯ ಸ್ಟಾಪರ್‌ಗೆ ತಾಗಿಸಿ ಇಟ್ಟರೆ ಗಾಳಿಯ ಕ್ಲ್ಯಾಂಪುಗಳು ಅದನ್ನು ಹಿಡಿಯುತ್ತವೆ. ಸ್ಪಿಂಡಲ್ ಇರುವ ತಲೆ ಪಟ್ಟಿಯ ಉದ್ದಕ್ಕೂ ಓಡಾಡುತ್ತಾ, ಅಡ್ಡಕ್ಕೆ ಸರಿಯುತ್ತಾ, ಮೇಲೆ ಕೆಳಗೆ ಇಳಿಯುತ್ತಾ ಕೆಲಸ ಮಾಡುತ್ತದೆ. ಉದ್ದ ಎಕ್ಸ್, ಅಗಲ ವೈ, ಎತ್ತರ ಝಡ್. ತಲೆ ಎರಡೂ ಪಕ್ಕಕ್ಕೆ ವಾಲಿದರೆ ಅದು ಇನ್ನೊಂದು ಆಕ್ಸಿಸ್. ಪಟ್ಟಿಯನ್ನು ಬಿಚ್ಚದೆ ಮೂರು ಮುಖಕ್ಕೂ ಕೈಹಾಕಬಹುದು.

ಎಕ್ಸ್, ವೈ ಅಂದ ಕೂಡಲೇ ಗಾಬರಿಯಾಗಬೇಕಿಲ್ಲ. ನಮ್ಮ ಸರ್ಕಾರಿ ಶಾಲೆಯ ಹತ್ತನೇ ತರಗತಿ ಗಣಿತ ಪುಸ್ತಕದಲ್ಲಿ ‘ನಿರ್ದೇಶಾಂಕ ರೇಖಾಗಣಿತ’ ಎಂಬ ಪಾಠವೇ ಇದೆ. ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಬರೆದು ಪಾಸಾದವರು ನಾವೂ. ಎಸ್ಸೆಸ್ಸೆಲ್ಸಿ ಮುಗಿಸಿ ಬೆಂಗಳೂರಿಗೆ ಬಂದ ಹುಡುಗನಿಗೆ ಒಂದು ಬಿಂದುವನ್ನು ಎರಡು ಸಂಖ್ಯೆಯಲ್ಲಿ ಹೇಳಬಹುದು ಎನ್ನುವುದು ಹೊಸದಲ್ಲ. ಆ ಪಾಠಕ್ಕೂ ಈ ಬೆಡ್ಡಿಗೂ ಸಂಬಂಧ ಇದೆ ಅಂತ ಅವನಿಗೆ ಯಾರೂ ಹೇಳಿಲ್ಲ, ಅಷ್ಟೆ.

ಇನ್ನು ಆ ಭಯಂಕರ ಜಿ-ಕೋಡ್. ಜಿ 00 ಅಂದರೆ ಗಾಳಿಯಲ್ಲಿ ಜೋರಾಗಿ ಆ ಜಾಗಕ್ಕೆ ಹೋಗು. ಜಿ 01 ಅಂದರೆ ಹೇಳಿದ ವೇಗದಲ್ಲಿ ಕತ್ತರಿಸುತ್ತಾ ನೇರ ಹೋಗು. ಜಿ 81 ಅಂದರೆ ತೂತು ಕೊರೆ. ಜಿ 83 ಅಂದರೆ ಸ್ವಲ್ಪ ಸ್ವಲ್ಪವೇ ಕೊರೆದು, ನಡುನಡುವೆ ಮೇಲೆ ಬಂದು ಚೂರು ಉದುರಿಸಿ, ಮತ್ತೆ ಇಳಿ. ಎಂ 03 ಸ್ಪಿಂಡಲ್ ತಿರುಗಿಸು, ಎಂ 05 ನಿಲ್ಲಿಸು, ಎಂ 06 ಟೂಲ್ ಬದಲಿಸು, ಎಂ 30 ಮುಗಿಯಿತು. ಇಷ್ಟರಲ್ಲಿ ಇಂಗ್ಲಿಷ್ ಎಲ್ಲಿದೆ ಹೇಳಿ. ಜರ್ಮನಿಯವನಿಗೂ ಜಪಾನಿನವನಿಗೂ ಇದು ಇದೇ ಜಿ 81. ದಿನಕ್ಕೆ ಬೇಕಾಗುವ ಕೋಡುಗಳು ಇಪ್ಪತ್ತು ಇಪ್ಪತ್ತೈದು. ಬಿಎಂಟಿಸಿ ಬಸ್ ನಂಬರ್‌ಗಳನ್ನು ಇದಕ್ಕಿಂತ ಹೆಚ್ಚು ನೆನಪಿಟ್ಟುಕೊಂಡು ಓಡಾಡುವ ಹುಡುಗರು ಇವರು.

ಅದಕ್ಕೂ ಮಿಗಿಲಾಗಿ, ಪ್ರೊಫೈಲ್ ಮಷೀನುಗಳಲ್ಲಿ ಈಗ ಕೋಡನ್ನು ಕೈಯಲ್ಲಿ ಬರೆಯುವುದೂ ಕಡಿಮೆ. ಸಾಫ್ಟ್‌ವೇರಿನಲ್ಲಿ ಸೆಕ್ಷನ್‌ನ ಚಿತ್ರ ತೆರೆದು, ಯಾವ ಮುಖ, ಎಷ್ಟು ದೂರ, ಎಷ್ಟು ಆಳ ಅಂತ ತುಂಬಿದರೆ ಕೋಡನ್ನು ಅದೇ ಹೆಣೆಯುತ್ತದೆ. ನಿಜವಾದ ಬುದ್ಧಿ ಬೇಕಾಗುವುದು ಅಳತೆಯನ್ನು ಸೂತ್ರವಾಗಿ ಹೇಳುವಲ್ಲಿ. ಕಿಟಕಿಯ ಕೆಳಪಟ್ಟಿಗೆ ಎರಡೂ ತುದಿಯಿಂದ 150 ಮಿ.ಮೀ. ಒಳಗೆ ನೀರಿನ ಸ್ಲಾಟ್ ಬೇಕು ಅಂದುಕೊಳ್ಳಿ. 1,200 ಮಿ.ಮೀ. ಪಟ್ಟಿಯಾದರೆ ಒಂದು 150ಕ್ಕೆ, ಇನ್ನೊಂದು 1,050ಕ್ಕೆ. ನಾಳೆ 1,500ರ ಪಟ್ಟಿ ಬಂದರೆ? 1,050 ಎಂದು ಬರೆದವನು ಮತ್ತೆ ಕೂತು ತಿದ್ದಬೇಕು. ‘ಒಟ್ಟು ಉದ್ದದಲ್ಲಿ 150 ಕಳೆ’ ಎಂದು ಬರೆದವನ ಪ್ರೋಗ್ರಾಂ ಯಾವ ಉದ್ದಕ್ಕೂ ಓಡುತ್ತದೆ. ಪಟ್ಟಿ ಉದ್ದವಾದಾಗ ನಡುವೆ ಮೂರನೆಯ ಸ್ಲಾಟ್ ಬೇಕೆಂದರೆ ‘ಉದ್ದದ ಅರ್ಧ’. ಹೊಲದ ಬದುವಿನಿಂದ ಇಷ್ಟು ಹೆಜ್ಜೆ ಬಿಟ್ಟು ಗುಣಿ ತೆಗೆದು ತೆಂಗಿನ ಸಸಿ ಇಟ್ಟವರಿಗೆ ಈ ಲೆಕ್ಕ ಬರುವುದಿಲ್ಲ ಅಂತೀರಾ?

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಬಿನ್ನಿಪೇಟೆಗೆ ಹತ್ತಿರದ ಒಂದು ಶೆಡ್. ಹೆಸರು ಬೇಡ, ಹುಡುಗನ ಕೆಲಸ ಹೋದೀತು. ಜಾರುವ ಕಿಟಕಿಗಳ ಕೆಳ ಟ್ರ್ಯಾಕಿಗೆ ಸ್ಲಾಟ್ ಹೊಡೆಯುವ ಪ್ರೋಗ್ರಾಂ ಆಫೀಸ್ ರೂಮಿನಿಂದ ಬಂತು. ಚಿತ್ರದಲ್ಲಿ ಪಟ್ಟಿಯ ಹೊರಮುಖ ಒಂದು ಕಡೆಗಿತ್ತು, ಬೆಡ್ಡಿನ ಮೇಲೆ ಅದು ಕೂರುವುದು ಇನ್ನೊಂದು ಕಡೆಗೆ. ಹಾಗೇ ಓಡಿಸಿದರೆ ಸ್ಲಾಟ್ ಮನೆಯ ಒಳಗಡೆಗೆ ತೆರೆದುಕೊಳ್ಳುತ್ತದೆ, ಮೊದಲ ಮಳೆಗೆ ನೀರು ಹಾಲಿಗೆ ಬರುತ್ತದೆ. ಮೊದಲ ಪೀಸಿನಲ್ಲೇ ಹುಡುಗನಿಗೆ ಗೊತ್ತಾಯಿತು. ‘ಹೇಳಿದೆ ಅಣ್ಣ, ಉಲ್ಟಾ ಐತೆ ಅಂತ. ಪ್ರೋಗ್ರಾಂ ಬಗ್ಗೆ ನಿಂಗೇನು ಗೊತ್ತು, ಓಡ್ಸು ಅಂದ್ರು’ ಎಂದ. ಓಡಿಸಿದ. ಇಡೀ ಲಾಟ್ ಗುಜರಿಗೆ ಹೋಯಿತು. ರಿಜಿಸ್ಟರಿನಲ್ಲಿ ಬರೆದದ್ದು ‘ಆಪರೇಟರ್ ತಪ್ಪು’ ಅಂತ. ತಿದ್ದುವುದಕ್ಕೆ ಬೇಕಿದ್ದದ್ದು ಒಂದು ಮುಖದ ಆಯ್ಕೆ ಬದಲಾವಣೆ.

ಮಷೀನಿನ ಹತ್ತಿರ ನಿಂತವನಿಗೆ ಗೊತ್ತಿರುವ ಇಂಥವು ಇನ್ನೂ ಇವೆ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಬಿಸಿಯಾದರೆ ಟೂಲಿಗೇ ಅಂಟಿಕೊಳ್ಳುತ್ತದೆ. ಅದಕ್ಕೇ ಒಂದೇ ಹಲ್ಲಿನ ಕಟರ್, ಹೆಚ್ಚು ವೇಗ, ಮಂಜಿನಂತೆ ಸಿಂಪಡಿಸುವ ಎಣ್ಣೆ. ಅಂಟಲು ಶುರುವಾದ ಕೂಡಲೇ ಸ್ಪಿಂಡಲ್‌ನ ಶಬ್ದ ಬದಲಾಗುತ್ತದೆ. ತೆಳು ಗೋಡೆಯ ಸೆಕ್ಷನ್ ಆದರೆ ಕ್ಲ್ಯಾಂಪಿನಿಂದ ದೂರ ಇರುವಲ್ಲಿ ಪಟ್ಟಿ ನಡುಗುತ್ತದೆ, ತೂತಿನ ಅಂಚು ಹರಿಯುತ್ತದೆ. ಕ್ಲ್ಯಾಂಪನ್ನು ಎಲ್ಲಿಗೆ ಸರಿಸಬೇಕು, ಫೀಡನ್ನು ಎಷ್ಟು ಇಳಿಸಬೇಕು ಎನ್ನುವುದು ಎಸಿ ರೂಮಿನಲ್ಲಿ ಕೂತವನಿಗೆ ಕೇಳಿಸುವುದಿಲ್ಲ. ಕೇಳಿಸುವವನಿಗೆ ತಿದ್ದುವ ಹಕ್ಕಿಲ್ಲ. ಎಷ್ಟೋ ಕಂಟ್ರೋಲ್ ಪ್ಯಾನೆಲ್‌ಗಳಲ್ಲಿ ಪ್ರೋಗ್ರಾಂ ತಿದ್ದದಂತೆ ತಡೆಯಲು ಒಂದು ಪುಟ್ಟ ಬೀಗದ ಕೈ ಇರುತ್ತದೆ. ಅದು ಯಾರ ಜೇಬಿನಲ್ಲಿದೆ ಅಂತ ನೋಡಿದರೆ ಆ ಶೆಡ್ಡಿನ ಜಾತಿಪದ್ಧತಿ ಅರ್ಥವಾಗುತ್ತದೆ.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಅಮೆರಿಕದ ಇತಿಹಾಸಕಾರ ಡೇವಿಡ್ ನೋಬಲ್ 1984ರಲ್ಲಿ ‘ಫೋರ್ಸಸ್ ಆಫ್ ಪ್ರೊಡಕ್ಷನ್’ ಎಂಬ ಪುಸ್ತಕ ಬರೆದರು. ಎರಡನೇ ಮಹಾಯುದ್ಧದ ನಂತರ ಅಲ್ಲಿ ಯಂತ್ರಗಳನ್ನು ತಾನಾಗೇ ಓಡಿಸಲು ಎರಡು ದಾರಿ ಇದ್ದವು. ಒಂದರಲ್ಲಿ ನುರಿತ ಕೆಲಸಗಾರ ಮೊದಲ ಪೀಸನ್ನು ಕೈಯಾರೆ ಮಾಡುತ್ತಾನೆ, ಅವನ ಚಲನೆ ಟೇಪಿನಲ್ಲಿ ದಾಖಲಾಗುತ್ತದೆ, ಮಷೀನ್ ಅದನ್ನೇ ಮತ್ತೆ ಮತ್ತೆ ಮಾಡುತ್ತದೆ. ಇನ್ನೊಂದರಲ್ಲಿ ಎಂಜಿನಿಯರ್ ಆಫೀಸಿನಲ್ಲಿ ಕೂತು ಸಂಖ್ಯೆಗಳಲ್ಲಿ ಬರೆಯುತ್ತಾನೆ. ಅಮೆರಿಕದ ವಾಯುಪಡೆಯ ಹಣದಲ್ಲಿ ಎಂಐಟಿ 1952ರಲ್ಲಿ ತೋರಿಸಿದ್ದು ಈ ಎರಡನೆಯದನ್ನು. ಇದು ಗೆದ್ದಿದ್ದಕ್ಕೆ ತಾಂತ್ರಿಕ ಕಾರಣವಷ್ಟೇ ಅಲ್ಲ, ಕೆಲಸದ ಮೇಲಿನ ಹಿಡಿತ ಕೆಲಸಗಾರನ ಕೈಯಿಂದ ಆಫೀಸಿಗೆ ಬರಲಿ ಎಂಬ ಆಸೆಯೂ ಇತ್ತು ಎನ್ನುವುದು ನೋಬಲ್ ವಾದ. ಸಂಖ್ಯೆಯಲ್ಲಿ ಬರೆಯುವುದರಿಂದ ಆದ ಲಾಭವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬರೆಯುವವನು ಬೇರೆ, ಓಡಿಸುವವನು ಬೇರೆ ಆಗಿರಲೇಬೇಕು ಎಂದು ಮಷೀನ್ ಕೇಳುತ್ತಿಲ್ಲ.

ಬಿನ್ನಿಪೇಟೆಯಲ್ಲಿ ನಿಂತು ಈ ಮಾತು ಆಡುವುದಕ್ಕೆ ಕಾರಣವಿದೆ. 1884ರಲ್ಲಿ ಶುರುವಾದ ಗಿರಣಿಯಿಂದ ಈ ಪೇಟೆಗೆ ಹೆಸರು ಬಂತು. ಸೈರನ್ ಕೂಗಿಗೆ ಊರೆಲ್ಲ ಏಳುತ್ತಿದ್ದ ಕಾಲ ಇತ್ತು. ಗಿರಣಿ ಮುಚ್ಚಿತು, ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಗೋಪುರಗಳು, ಮಾಲ್ ಎದ್ದವು. ಒಂದೇ ಮಗ್ಗದ ಮುಂದೆ ಮೂವತ್ತು ವರ್ಷ ನಿಂತವರಿಗೆ ಮಗ್ಗ ಹೋದ ಮೇಲೆ ಹೊತ್ತುಕೊಂಡು ಹೋಗಲು ಬೇರೆ ಕಸುಬು ಇರಲಿಲ್ಲ. ಈಗ ಸೈಕಲ್ ಸ್ಟಾರ್ಟ್ ಒತ್ತುವ ಹುಡುಗನ ಹತ್ತಿರವೂ ಅಷ್ಟೇ ಇದೆ. ಪಟ್ಟಿ ಇಡುವುದಕ್ಕೂ ಎತ್ತುವುದಕ್ಕೂ ನಾಳೆ ಒಂದು ಯಂತ್ರ ಬಂದರೆ ಅವನು ಮತ್ತೆ ಬಸ್ ಸ್ಟ್ಯಾಂಡಿನಲ್ಲಿ. ಪ್ರೋಗ್ರಾಂ ಗೊತ್ತಿದ್ದವನು ಪೀಣ್ಯಕ್ಕೆ ಹೋದರೂ, ಹೊಸೂರಿಗೆ ಹೋದರೂ ಅದು ಅವನ ಜೊತೆ ಹೋಗುತ್ತದೆ.

ಮಾಲೀಕರ ಮಾತನ್ನೂ ಕೇಳಿದ್ದೇವೆ. ಅವರದು ಎರಡು ಭಯ. ಒಂದು, ತಪ್ಪು ಎಡಿಟ್‌ನಿಂದ ಸ್ಪಿಂಡಲ್ ಕ್ಲ್ಯಾಂಪಿಗೆ ಗುದ್ದುತ್ತದೆ, ರಿಪೇರಿಗೆ ಲಕ್ಷಗಟ್ಟಲೆ. ಇದು ಸುಳ್ಳಲ್ಲ. ಕೆಲವು ಕಂಟ್ರೋಲರ್‌ಗಳಲ್ಲಿ 100 ಎಂದು ಬರೆದು ದಶಮಾಂಶದ ಚುಕ್ಕೆ ಮರೆತರೆ ಅದು 100 ಮಿ.ಮೀ. ಅಲ್ಲ, ಮಿಲಿಮೀಟರಿನ ಹತ್ತನೇ ಒಂದು ಭಾಗ. ಒಂದು ಚುಕ್ಕೆಗೆ ಟೂಲ್ ಮುರಿಯುತ್ತದೆ. ಆದರೆ ಈ ಚುಕ್ಕೆ ಬಿಇ ಓದಿದವರಿಗೂ ಮರೆಯುತ್ತದೆ. ಅದಕ್ಕೇ ಪರದೆಯ ಮೇಲೆ ಸಿಮ್ಯುಲೇಷನ್ ಇದೆ, ಟೂಲನ್ನು ಪಟ್ಟಿಯಿಂದ ಮೇಲೆತ್ತಿ ಗಾಳಿಯಲ್ಲಿ ಓಡಿಸಿ ನೋಡುವ ರೂಢಿ ಇದೆ, ಒಂದೊಂದೇ ಸಾಲು ಓಡಿಸುವ ಸಿಂಗಲ್ ಬ್ಲಾಕ್ ಇದೆ. ಇವನ್ನೂ ಕಲಿಸಿ.

ಎರಡನೆಯ ಭಯವನ್ನು ಅವರು ಮೆಲ್ಲಗೆ ಹೇಳುತ್ತಾರೆ: ಕಲಿಸಿದರೆ ಬಿಟ್ಟುಹೋಗುತ್ತಾನೆ. ಹೌದು, ಆಪರೇಟರ್ ಸಂಬಳವನ್ನೇ ಕೊಟ್ಟರೆ ಹೋಗುತ್ತಾನೆ. ಹೋಗಲಿ. ಹುಡುಗ ಹೋಗದಿರಲಿ ಅಂತ ಅವನಿಗೆ ಕೆಲಸ ಕಲಿಸದೆ ಇಡುವುದನ್ನು ನಮ್ಮೂರಿನಲ್ಲಿ ಜೀತ ಅನ್ನುತ್ತಿದ್ದರು. ಪದ ಖಾರವಾಯಿತು ಅನ್ನಿಸಿದರೆ ಅನ್ನಿಸಲಿ.

ಭಾಷೆಯ ಪ್ರಶ್ನೆಗೆ ಬರೋಣ. ಜಪಾನಿನ ಫ್ಯಾನಕ್ ಕಂಟ್ರೋಲರ್‌ನ ಪರದೆಗೆ ಡ್ಯಾನಿಶ್, ಹಂಗೇರಿಯನ್, ಜೆಕ್ ಭಾಷೆಗಳ ಆಯ್ಕೆ ಇದೆ. ಡೆನ್ಮಾರ್ಕಿನ ಜನಸಂಖ್ಯೆ ಸುಮಾರು 60 ಲಕ್ಷ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದವರು 4.37 ಕೋಟಿ. ನಾವು ನೋಡಿದ ಯಾವ ಮಷೀನಿನ ಪರದೆಯಲ್ಲೂ ಕನ್ನಡ ಇರಲಿಲ್ಲ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ನಮ್ಮ ಸರ್ಕಾರಿ ಟೂಲ್ ರೂಮ್, ಅಂದರೆ ಜಿಟಿಟಿಸಿ, 1972ರಲ್ಲಿ ಹುಟ್ಟಿದ್ದೇ ಡೆನ್ಮಾರ್ಕಿನ ನೆರವಿನಿಂದ. ಅವರು ನಮಗೆ ಮಷೀನ್ ಕಲಿಸಿ ಹೋದರು. ತಮ್ಮ ಹುಡುಗರಿಗೆ ತಮ್ಮ ಭಾಷೆಯ ಪರದೆ ಬೇಕೆಂದು ಅವರಿಗೆ ತಿಳಿದಿತ್ತು, ಅದನ್ನೂ ಕಲಿತುಕೊಳ್ಳಬಹುದಿತ್ತು ನಾವು.

ಇದಕ್ಕೆ ಉತ್ತರವಾಗಿ ಕೆಲವರು ಎಂಜಿನಿಯರಿಂಗ್ ಕಾಲೇಜು ತೋರಿಸುತ್ತಾರೆ. 2021ರಲ್ಲಿ ಎಐಸಿಟಿಇ ಕನ್ನಡದಲ್ಲೂ ಬಿಟೆಕ್ ಓದಲು ಅವಕಾಶ ಕೊಟ್ಟಿತಲ್ಲ, ಸೇರಿದವರು ಎಷ್ಟು ಮಂದಿ, ಕನ್ನಡಕ್ಕೆ ಬೇಡಿಕೆಯೇ ಇಲ್ಲ ಎನ್ನುತ್ತಾರೆ. ಸೇರಿದವರು ಬೆರಳೆಣಿಕೆ, ನಿಜ. ಆದರೆ ಬಿಟೆಕ್ ಸೀಟು ಹಿಡಿಯುವವನು ಕ್ಯಾಂಪಸ್ ಇಂಟರ್‌ವ್ಯೂಗೆ ಇಂಗ್ಲಿಷ್ ಬೇಕೆಂದು ಓದುತ್ತಾನೆ. ಶೆಡ್ಡಿನಲ್ಲಿ ನಿಂತವನಿಗೆ ಬೇಕಿರುವುದು ಡಿಗ್ರಿ ಅಲ್ಲ, ‘ಅಲಾರಂ ಯಾಕೆ ಬಂತು’ ಎನ್ನುವುದಕ್ಕೆ ಅರ್ಥವಾಗುವ ಎರಡು ಸಾಲು.

ಹಾಗಂತ ‘ಗಣಕ ಸಂಖ್ಯಾತ್ಮಕ ನಿಯಂತ್ರಿತ ಛೇದಕ ಯಂತ್ರ’ ಎಂದು ಬರೆದುಕೊಡುವ ಪಂಡಿತರೂ ದಯವಿಟ್ಟು ದೂರ ಇರಿ. ಸ್ಪಿಂಡಲ್ ಸ್ಪಿಂಡಲ್ಲೇ, ಫೀಡ್ ಫೀಡೇ, ಕ್ಲ್ಯಾಂಪ್ ಕ್ಲ್ಯಾಂಪೇ. ಹುಡುಗರು ಈಗಾಗಲೇ ಆಡುತ್ತಿರುವ ಕನ್ನಡ ಅದು. ‘ಝೀರೋ ತಗೊ’, ‘ಟೂಲ್ ತಾಗ್ಸು’, ‘ಪೀಸ್ ಕಚ್ಕೊಂಡೈತೆ’. ಆ ಮಾತಿನಲ್ಲೇ ಪಾಠ ಮಾಡಿದರೆ ಸಾಕು.

ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 4,600 ಕೋಟಿ ರೂಪಾಯಿಗೂ ಹೆಚ್ಚು ಖರ್ಚಿನಲ್ಲಿ ಮೇಲ್ದರ್ಜೆಗೇರಿಸಲಾಗಿದೆ. 2022ರ ಜೂನ್‌ನಲ್ಲಿ ಪ್ರಧಾನಿಯೇ ಬೆಂಗಳೂರಿಗೆ ಬಂದು ಲೋಕಾರ್ಪಣೆ ಮಾಡಿದರು. ಸಿಎನ್‌ಸಿ ತಂತ್ರಜ್ಞನ ಕೋರ್ಸೂ ಅದರಲ್ಲಿದೆ. ಅಷ್ಟು ಕೋಟಿಯಲ್ಲಿ ಚೂರು ತೆಗೆದಿಟ್ಟು, ಈಗಾಗಲೇ ಶೆಡ್ಡುಗಳಲ್ಲಿ ದುಡಿಯುತ್ತಿರುವವರಿಗೆ ಭಾನುವಾರದ ಕನ್ನಡ ಬ್ಯಾಚ್ ನಡೆಸಲಿ. ಹಾಜರಾತಿಗೆ ಐಟಿಐ ಸರ್ಟಿಫಿಕೇಟ್ ಕೇಳದೆ, ಎಷ್ಟು ವರ್ಷ ಮಷೀನಿನ ಮುಂದೆ ನಿಂತಿದ್ದೀಯ ಅಂತ ಕೇಳಲಿ.

ಸರ್ಕಾರ ಬರುವ ತನಕ ಮಾಲೀಕರು ಕಾಯಬೇಕಿಲ್ಲ. ಆಫೀಸ್ ರೂಮಿನ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಸಾಫ್ಟ್‌ವೇರ್ ಇದೆ, ಲೈಸೆನ್ಸ್‌ಗೆ ದುಡ್ಡು ಕಟ್ಟಿಯಾಗಿದೆ. ಪ್ರೋಗ್ರಾಮರ್ ಸಂಜೆ ಆರಕ್ಕೆ ಮನೆಗೆ ಹೋಗುತ್ತಾರೆ. ರಾತ್ರಿ ಪಾಳಿ ಶುರುವಾಗುವುದು ಎಂಟಕ್ಕೆ. ಆ ಎರಡು ಗಂಟೆ ಅದು ಆಫ್ ಆಗಿ ಕೂತಿರುತ್ತದೆ.