ಕೇಬಲ್ ಕೀಳೋ ಮುಂಚೆ ಪೂರ್ತಿ ವರ್ಷದ ಲೆಕ್ಕ ಹಾಕಿ

ರೈತ ಮಿತ್ರರೇ, ಈ ಸಲ ಭತ್ತ, ಬಾಳೆ ಬಿಟ್ಟು ಟೀವಿ ವಿಷ್ಯ ಬರೀತಿದ್ದೀನಿ. ನಗಬೇಡಿ, ಇದೂ ಮನೆ ಖರ್ಚಿನ ಲೆಕ್ಕಾನೇ.

ನಂಜನಗೂಡಿಗೆ ಗೊಬ್ಬರ ತರೋಕೆ ಹೋದ್ರೂ, ನರಸೀಪುರದ ಬಸ್‌ಸ್ಟ್ಯಾಂಡಲ್ಲಿ ಟೀ ಕುಡೀತಾ ನಿಂತ್ರೂ ಒಂದೇ ಮಾತು: "ಎಲ್ಲಾ ಮೊಬೈಲಲ್ಲೇ ಲೈವ್ ಬರುತ್ತೆ, ಕೇಬಲ್‌ಗೆ ಯಾಕಣ್ಣ ದುಡ್ಡು ಸುರೀತೀಯ?" ನಾನೂ ನಂಬಿ 2025ರ ಐಪಿಎಲ್ ಶುರುವಾಗೋ ಮುಂಚೆ ಕೇಬಲ್ ತೆಗೆಸಿದೆ. ತಿಂಗಳಿಗೆ 300, ವರ್ಷಕ್ಕೆ 3,600 ಉಳೀತು ಅಂತ ಗೊಬ್ಬರದ ಲೆಕ್ಕ ಬರೆಯೋ ಪುಸ್ತಕದಲ್ಲೇ ಬರ್ಕೊಂಡೆ. ಖರ್ಚಿನ ಕಡೆ ಏನೂ ಬರೀಲಿಲ್ಲ. ಅದೇ ತಪ್ಪಾಗಿದ್ದು.

ಮೊದಲು ತಿಂಗಳಿನ ಲೆಕ್ಕ ನೋಡಿ. ಕೇಬಲ್‌ನವರಿಗೆ ವರ್ಷಕ್ಕೆ 12 ತಿಂಗಳು. ಮೊಬೈಲ್ ರೀಚಾರ್ಜ್ 28 ದಿನಕ್ಕೇ ಮುಗಿಯುತ್ತೆ, ಅಂದ್ರೆ ವರ್ಷಕ್ಕೆ 13 ಸಲ ಹಾಕಿಸ್ಬೇಕು. 2024ರ ಜುಲೈನಲ್ಲಿ ದರ ಏರಿದಾಗ ಜಿಯೋದ ದಿನಕ್ಕೆ ಒಂದೂವರೆ ಜಿಬಿ ಪ್ಲಾನ್ 239ರಿಂದ 299 ಆಯ್ತು. 13 ಸಲಕ್ಕೆ 3,887 ರೂಪಾಯಿ. ಈ ಖರ್ಚು ಕೇಬಲ್ ಇದ್ದಾಗ್ಲೂ ಇತ್ತು, ತೆಗೆಸಿದ ಮೇಲೂ ಇದೆ.

ಆಮೇಲೆ ಡೇಟಾ. ಟಿ20 ಮ್ಯಾಚ್ ಅಂದ್ರೆ ಮೂರೂವರೆ, ನಾಲ್ಕು ಗಂಟೆ. ಚಿತ್ರ ಚೆನ್ನಾಗಿ ಕಾಣ್ಬೇಕು ಅಂದ್ರೆ ಗಂಟೆಗೆ ಒಂದು ಜಿಬಿ ಹತ್ರ ಎಳೆಯುತ್ತೆ. ಎರಡನೇ ಇನಿಂಗ್ಸ್ ಹೊತ್ಗೆ ಒಂದೂವರೆ ಜಿಬಿ ಖಾಲಿಯಾಗಿ ಚಿತ್ರ ನಿಂತೋಗುತ್ತೆ. ಅದಕ್ಕೇ ದಿನಕ್ಕೆ 2 ಜಿಬಿ ಕೊಡೋ 349ರ ಪ್ಲಾನ್‌ಗೆ ಹೋದೆ. 13 ಸಲಕ್ಕೆ 4,537. ಇಲ್ಲಿಗೆ 650 ಹೆಚ್ಚಾಯ್ತು.

ಆಮೇಲೆ ಆಪ್. 2023ರಲ್ಲಿ ಜಿಯೋಸಿನಿಮಾದಲ್ಲಿ ಐಪಿಎಲ್ ಪುಕ್ಕಟೆ ಸಿಕ್ತು, ನಮ್ಗೆಲ್ಲ ರುಚಿ ಹತ್ತಿದ್ದೇ ಆಗ. 2025ರ ಫೆಬ್ರವರಿಲಿ ಅದು ಹಾಟ್‌ಸ್ಟಾರ್ ಜೊತೆ ಸೇರಿ ಜಿಯೋಹಾಟ್‌ಸ್ಟಾರ್ ಆಯ್ತು. ಆಗಿನ ದರ ಫೋನಿಗೆ ಮಾತ್ರ ಆದ್ರೆ ವರ್ಷಕ್ಕೆ 499, ಟೀವಿಲೂ ಬೇಕು ಅಂದ್ರೆ 899. ಆ ಸೀಸನ್‌ನಲ್ಲಿ ರೀಚಾರ್ಜ್ ಜೊತೆ 90 ದಿನ ಪುಕ್ಕಟೆ ಕೊಟ್ರು, ನಿಜ. ಆದ್ರೆ ವರ್ಷಕ್ಕೆ 365 ದಿನ ಅಲ್ವಾ? ನಮ್ಮದು ಹಳೇ ಟೀವಿ, ಅದಕ್ಕೆ ಸಿಕ್ಕಿಸೋ ಸ್ಟಿಕ್‌ಗೆ 2,800.

ಕೂಡಿ ನೋಡಿ: 650, 899, 2,800. ಒಟ್ಟು 4,349. ಉಳಿಸೋಕೆ ಹೊರಟಿದ್ದು 3,600.

"ಸ್ಟಿಕ್ ಒಂದೇ ಸಲದ ಖರ್ಚು, ಮುಂದಿನ ವರ್ಷದಿಂದ 1,549 ಅಷ್ಟೇ" ಅಂತೀರಾ. ಸರಿ. ಆದ್ರೆ ಆ ಲೆಕ್ಕ ನಡೆಯೋದು ನನ್ನ ಫೋನ್ ಮನೇಲಿದ್ರೆ ಮಾತ್ರ. ಟೀವಿಗೆ ಇಂಟರ್ನೆಟ್ ಹೋಗ್ತಿದ್ದಿದ್ದು ನನ್ನ ಫೋನಿಂದ. ಬೆಳಿಗ್ಗೆ ನಾನು ಫೋನ್ ಜೇಬಿಗಾಕ್ಕೊಂಡು ಗದ್ದೆಗೆ ಹೋದ್ರೆ ಮನೇಲಿ ಟೀವಿ ಬರೀ ಡಬ್ಬ.

ಇದು ನನ್ನ ತಲೆಗೆ ಹೋಗೋಕೆ ಒಂದೂವರೆ ತಿಂಗಳು ಬೇಕಾಯ್ತು. ಒಂದಿನ ರಾತ್ರಿ ನೀರು ಕಟ್ಟಿ ಬರ್ತಾ ನೋಡ್ತೀನಿ, ಮಂಡಿನೋವಿರೋ ನಮ್ಮವ್ವ ಕೋಲೂರಿಕೊಂಡು ಮೂರು ಮನೆ ಆಚೆ ಹೋಗಿ, ಅವರ ಜಗಲಿ ಮೇಲೆ ಕೂತು ಕಿಟಕಿಲಿ ಸೀರಿಯಲ್ ನೋಡ್ತಾವ್ಳೆ. "ಯಾಕವ್ವ ನಂಗೇಳ್ಲಿಲ್ಲ?" ಅಂದೆ. "ದುಡ್ಡು ಉಳೀತದೆ ಅಂದ್ಯಲ್ಲ ಮಗ" ಅಂದ್ಲು. ಆವತ್ತು ರಾತ್ರಿ ಊಟ ಸೇರ್ಲಿಲ್ಲ ನಂಗೆ.

ಫೈಬರ್ ಹಾಕಿಸ್ಬಿಡೋಣ ಅಂತ ವಿಚಾರಿಸ್ದೆ. 399ರ ಪ್ಲಾನ್ ಅಂತಾರೆ, ಶೇ. 18 ಜಿಎಸ್‌ಟಿ ಸೇರಿದ್ರೆ 471. ವರ್ಷಕ್ಕೆ 5,652, ಮೇಲೆ ಆಪ್‌ನ 899. ಒಟ್ಟು 6,551. ಅಷ್ಟು ಕೊಟ್ರೂ ಚಾನೆಲ್ ಎಲ್ಲ ಒಂದೇ ಕಡೆ ಸಿಗಲ್ಲ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಒಂದು ಆಪ್‌ನಲ್ಲಿ, ಜೀ ಕನ್ನಡ ಜೀ5ನಲ್ಲಿ, ಉದಯ ಸನ್ ನೆಕ್ಸ್ಟ್‌ನಲ್ಲಿ. ಅವ್ವಂಗೆ ರಿಮೋಟಲ್ಲಿ ಒಂದು ಗುಂಡಿ ಒತ್ತಿದ್ರೆ ಬರ್ತಿತ್ತು.

ಇನ್ನೊಂದು ಮಾತು, ಇದನ್ನ ಯಾವ ಜಾಹೀರಾತಲ್ಲೂ ಹೇಳಲ್ಲ. ಕೇಬಲ್ ಹುಡುಗ ನಮ್ಮ ಪಕ್ಕದೂರಿನವನೇ. "ಭತ್ತ ಮಾರಿದ ಮೇಲೆ ಕೊಡ್ತೀನಿ ಕಣಪ್ಪ" ಅಂದ್ರೆ ಮೂರು ತಿಂಗಳು ತಡೀತಾನೆ. ಕಬ್ಬಿನ ಬಿಲ್ ತಡವಾದ ವರ್ಷವೂ ಲೈನ್ ಕಿತ್ತಿಲ್ಲ. ರೀಚಾರ್ಜ್‌ನಲ್ಲಿ ಮೊದ್ಲು ದುಡ್ಡು, ಆಮೇಲೆ ಚಿತ್ರ. ನಮ್ಮ ಕೈಗೆ ದುಡ್ಡು ಬರೋದು ವರ್ಷಕ್ಕೆ ಎರಡೋ ಮೂರೋ ಸಲ, ಅದನ್ನೂ ಲೆಕ್ಕಕ್ಕೆ ಹಿಡೀರಿ.

ಹಂಗಂತ ಕೇಬಲ್‌ನವರ ಪರ ವಕಾಲತ್ತು ಮಾಡ್ತಿಲ್ಲ. ಗಾಳಿ ಮಳೆಗೆ ವೈರ್ ಹರಿದ್ರೆ ಎರಡು ದಿನ ತಿರುಗಿ ನೋಡಲ್ಲ. ನೋಡದೇ ಇರೋ ಚಾನೆಲ್ ತುಂಬಿ ಪ್ಯಾಕ್ ಕೊಡ್ತಾರೆ. 2019ರ ಫೆಬ್ರವರಿಯಿಂದ ಬಂದ ಟ್ರಾಯ್ ನಿಯಮದಲ್ಲಿ ಬೇಕಾದ ಚಾನೆಲ್ ನಾವೇ ಆರಿಸ್ಕೋಬಹುದು, ನಾವು ಕೇಳಲ್ಲ ಅಷ್ಟೇ. ನಾನು ವಾಪಸ್ ಕೇಬಲ್ ಹಾಕಿಸ್ದಾಗ ಕೂತು ಪಟ್ಟಿ ಮಾಡಿಸ್ದೆ. ಇಂಗ್ಲಿಷ್, ಹಿಂದಿ ಚಾನೆಲ್ ತೆಗೆಸಿ 250ಕ್ಕೆ ಇಳೀತು. ವರ್ಷಕ್ಕೆ 3,000. ನಿಜವಾಗ್ಲೂ ಉಳಿದಿದ್ದು ಆ 600 ರೂಪಾಯಿ.

ನನ್ನ ಅಭಿಪ್ರಾಯ ಇಷ್ಟು. ಒಬ್ರೇ ಇದ್ದು, ಮ್ಯಾಚ್ ಮಾತ್ರ ನೋಡೋರಿಗೆ ಫೋನೇ ಅಗ್ಗ. ಮಕ್ಕಳ ಓದಿಗೆ ಅಂತ ಫೈಬರ್ ಮೊದ್ಲೇ ಹಾಕಿಸಿರೋ ಮನೇಲೂ ಆಪ್ ಲಾಭಾನೇ. ಚಂದನ, ಸುದ್ದಿ ಸಾಕು ಅನ್ನೋರಿಗೆ ಡಿಡಿ ಫ್ರೀ ಡಿಶ್ ಇದೆ, ಒಂದ್ಸಲ ಬಾಕ್ಸ್ ಹಾಕಿಸಿದ್ರೆ ತಿಂಗಳ ಬಾಡಿಗೆ ಇಲ್ಲ. ಆದ್ರೆ ನಮ್ಮವ್ವನ ಸೀರಿಯಲ್ ಅದ್ರಲ್ಲಿ ಬರಲ್ಲ. ವಯಸ್ಸಾದೋರು, ಹೆಂಗಸ್ರು ಮನೇಲಿದ್ದು, ಇಂಟರ್ನೆಟ್ ಇರೋ ಫೋನ್ ಗಂಡಸ್ರ ಜೇಬಲ್ಲಿ ಮಾತ್ರ ಇರೋ ಮನೆಗೆ ಮಾತ್ರ ಕೇಬಲ್ಲೇ ಸರಿ. ನಮ್ಮ ಕಡೆ ಜಾಸ್ತಿ ಮನೆ ಇಂಥವೇ.

ಆರ್‌ಸಿಬಿ ಕಪ್ ಗೆದ್ದ ಜೂನ್ 3ರ ರಾತ್ರಿ ಫೋನಲ್ಲಿ ನೋಡ್ತಿದ್ದೆ. ವಿಕೆಟ್ ಬಿದ್ದಾಗೆಲ್ಲ ಕೇಬಲ್ ಇದ್ದ ಮನೆಗಳಲ್ಲಿ ಮೊದ್ಲು ಕೂಗೋರು, ನನ್ನ ಫೋನಲ್ಲಿ ಬೌಲರ್ ಇನ್ನೂ ಓಡಿ ಬರ್ತಿದ್ದ. ಮಾರನೇ ದಿನಾನೇ ಕೇಬಲ್ ಹುಡುಗನಿಗೆ ಫೋನ್ ಮಾಡ್ದೆ.

ನಿಮ್ಮೂರಲ್ಲಿ ಕೇಬಲ್ ಎಷ್ಟು, ಫೈಬರ್ ಬಂದಿದ್ಯಾ, ಕೆಳಗೆ ಬರೀರಿ. ಹುಲ್ಲಹಳ್ಳಿ, ಸುತ್ತೂರು, ಮೂಗೂರು, ತಲಕಾಡು ಕಡೆಯವರು ದರ ಹಾಕಿದ್ರೆ ಎಲ್ರಿಗೂ ಚೌಕಾಸಿ ಮಾಡೋಕೆ ಅನುಕೂಲ. ಕೀಳೋ ಮುಂಚೆ ಮಾತ್ರ, ಹಗಲೊತ್ತು ಮನೇಲಿ ಇರೋರನ್ನ ಒಂದು ಮಾತು ಕೇಳಿ.