ಬೆಳಗಾವಿಯ ಪರೇಡು, ಕುವೈತಿನ ಶಾಲು

ಸಂಘದ ವೇದಿಕೆಯಲ್ಲಿ ಸನ್ಮಾನ ಪಡೆದವರ ಬಗ್ಗೆ ಈ ಅಂಕಣದಲ್ಲಿ ನಾಲ್ಕು ಮಾತು ಬರೆಯುವುದು ನಮ್ಮ ವಾಡಿಕೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ತೆಗೆದ ಮಕ್ಕಳು, ಮೆಡಿಕಲ್ ಸೀಟು ಪಡೆದವರು, ಯಕ್ಷಗಾನ ಕಲಾವಿದರು, ಹೀಗೆ ಪಟ್ಟಿ ಸಾಗುತ್ತಿತ್ತು. ಸೈನಿಕನೊಬ್ಬನ ಹೆಸರು ಅದರಲ್ಲಿ ಬಂದದ್ದು ಈ ಸಲವೇ ಮೊದಲು. ಅವನು ವೇದಿಕೆಗೆ ಬರಲಿಲ್ಲ, ಬರುವ ಹಾಗೂ ಇರಲಿಲ್ಲ. ಅವನ ಪರವಾಗಿ ಅಪ್ಪ ಬಂದರು.

ಅಪ್ಪ ನಮಗೆಲ್ಲ ಗೊತ್ತಿರುವವರೇ. ಬೈಲಹೊಂಗಲ ತಾಲ್ಲೂಕಿನವರು, ಕುವೈತಿನಲ್ಲಿ ಟ್ರೇಲರ್ ಓಡಿಸಲು ಹಿಡಿದು 17 ವರ್ಷವಾಯಿತು. ರಾಜ್ಯೋತ್ಸವದ ದಿನ ಕುರ್ಚಿ ಹಾಕುವವರಲ್ಲಿ ಮೊದಲಿಗರು, ತೆಗೆಯುವವರಲ್ಲಿ ಕೊನೆಯವರು. ಮಗ ಪಿಯುಸಿ ಮುಗಿಸಿದಾಗ "ಇವನಿಗೂ ಒಂದು ವೀಸಾ ನೋಡ್ರಿ" ಎಂದು ನಮ್ಮಲ್ಲಿ ಹಲವರನ್ನು ಕೇಳಿದ್ದರು. ನಾವೂ ಒಂದೆರಡು ಕಡೆ ಹೇಳಿಟ್ಟಿದ್ದೆವು. ಹುಡುಗನೇ ಒಪ್ಪಲಿಲ್ಲ. "ಮನ್ಯಾಗ ಒಬ್ರು ಪರದೇಶದಾಗ ಇದ್ರ ಸಾಕಪ್ಪಾ" ಅಂದನಂತೆ.

ಬೆಳಗಿನ ಜಾವ ಎದ್ದು ಊರ ಹೊರಗಿನ ರಸ್ತೆಯಲ್ಲಿ ಓಡಲು ಶುರು ಮಾಡಿದ. ಮೊದಲು ಕಂಪ್ಯೂಟರಿನಲ್ಲಿ ಲಿಖಿತ ಪರೀಕ್ಷೆ, ಅದರಲ್ಲಿ ದಾಟಿದರೆ ರ್‍ಯಾಲಿ. ಅಲ್ಲಿ 1.6 ಕಿಲೋಮೀಟರ್ ಓಟ, ಕಂಬಿ ಹಿಡಿದು ಮೈ ಎತ್ತುವುದು, 9 ಅಡಿ ಅಗಲದ ಗುಂಡಿ ಜಿಗಿಯುವುದು, ಆಮೇಲೆ ವೈದ್ಯಕೀಯ ತಪಾಸಣೆ. ಮೊದಲ ಸಲ ಓಟದಲ್ಲೇ ಹೊರಬಿದ್ದ. ಎರಡನೇ ಸಲ ಆಯ್ಕೆಯಾಗಿ, ಅಗ್ನಿವೀರನಾಗಿ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರಕ್ಕೆ ಸೇರಿದ. ಅಲ್ಲಿ 31 ವಾರಗಳ ತರಬೇತಿ.

ಆ ಕೇಂದ್ರದಲ್ಲಿ ಶರ್ಕಾತ್ ಹೆಸರಿನ ಯುದ್ಧ ಸ್ಮಾರಕವೊಂದಿದೆ. ಶರ್ಕಾತ್ ಇರುವುದು ನಮ್ಮ ಪಕ್ಕದ ಇರಾಕಿನಲ್ಲಿ. 1918ರಲ್ಲಿ ಅಲ್ಲಿ ನಡೆದ ಕಾಳಗದಲ್ಲಿ 114ನೇ ಮರಾಠಾ ಪಡೆ ಹೋರಾಡಿತ್ತು. ನಾವು ಕೊಲ್ಲಿಗೆ ಬಂದ ಮೊದಲ ತಲೆಮಾರು ಎಂದು ಹೇಳಿಕೊಳ್ಳುವುದುಂಟು. ನಮಗಿಂತ ಎಷ್ಟೋ ಮೊದಲೇ ಆ ಪಡೆಯ ಹುಡುಗರು ಈ ಕಡೆಯ ಬಿಸಿಲು ಉಂಡು ಹೋಗಿದ್ದರು.

ಪರೇಡಿಗೆ ಹೋಗಲು ಅಪ್ಪ 2 ತಿಂಗಳು ಮೊದಲೇ ರಜೆ ಕೇಳಿದ್ದರು. ಕಂಪನಿಯಲ್ಲಿ ಕೆಲಸದ ಒತ್ತಡ, ರಜೆ ಸಿಗಲಿಲ್ಲ. ಆ ದಿನ ನಸುಕಿನ ನಾಲ್ಕೂವರೆಗೇ ಎದ್ದು ಕ್ಯಾಂಪಿನ ಮಂಚದ ಮೇಲೆ ಕೂತಿದ್ದರಂತೆ. ಊರಲ್ಲಿ ಆಗ ಏಳು ಗಂಟೆ. "ಈಗ ಬ್ಯಾಂಡ್ ಬಾರಿಸಿರಬೇಕು, ಈಗ ಧ್ವಜದ ಮುಂದೆ ಪ್ರಮಾಣ ಮಾಡಿರಬೇಕು" ಎಂದು ರೂಮಿನವರಿಗೆ ಹೇಳುತ್ತ ಹೇಳುತ್ತ ಡ್ಯೂಟಿಗೆ ಹೊರಟರು. ಮಧ್ಯಾಹ್ನ ಟ್ರೇಲರ್ ನಿಲ್ಲಿಸಿ ಫೋನ್ ತೆಗೆದಾಗ ಮೈದುನ ಕಳಿಸಿದ ಫೋಟೋ ಬಂದಿತ್ತು. ತರಬೇತಿ ಮುಗಿಸಿದ ಸೈನಿಕರ ತಂದೆತಾಯಿಗೆ ಅಲ್ಲಿ ಗೌರವ ಪದಕ ತೊಡಿಸುತ್ತಾರೆ. ಇಳಕಲ್ ಸೀರೆಯ ಮೇಲೆ ಪದಕ ಹಾಕಿಕೊಂಡ ಹೆಂಡತಿ, ಪಕ್ಕದಲ್ಲಿ ಮಗ. ಇನ್ನೊಂದು ಪಕ್ಕ ಖಾಲಿ. ಆ ಫೋಟೋ ನೋಡಿದ ದಿನವೇ ನಮ್ಮ ಸಮಿತಿಯಲ್ಲಿ ಸನ್ಮಾನದ ಮಾತು ಎದ್ದದ್ದು.

ಎಲ್ಲರೂ ಒಪ್ಪಿದರು ಎಂದರೆ ಸುಳ್ಳಾಗುತ್ತದೆ. "ಹುಡುಗ ಇನ್ನೂ ಗಡಿಯನ್ನೇ ನೋಡಿಲ್ಲ, ತರಬೇತಿ ಮುಗಿಸಿದ್ದಕ್ಕೇ ಶಾಲು ಯಾಕೆ?" ಎಂದು ಹಿರಿಯರೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ಗಡಿಗೆ ಹೋಗಿ ಏನಾದರೂ ಆದ ಮೇಲೆ ಫ್ಲೆಕ್ಸ್ ಕಟ್ಟಲು ನಾವೆಲ್ಲ ಮುಂದೆ ಬರುತ್ತೇವೆ. 19ರ ಹುಡುಗ ಕಳಿಸಿದಲ್ಲಿಗೆ ಹೋಗುತ್ತೇನೆಂದು ಪ್ರಮಾಣ ಮಾಡಿ ನಿಂತಾಗಲೇ ಒಂದು ಮಾತು ಹೇಳಿದರೆ ನಮ್ಮ ಗಂಟೇನೂ ಹೋಗುವುದಿಲ್ಲ.

ಇನ್ನೊಬ್ಬರು ಎತ್ತಿದ ಮಾತು ಮಾತ್ರ ನಮ್ಮ ಬಾಯಿ ಕಟ್ಟಿಸಿತು. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ 9,000 ಸೇವಾ ನಿಧಿಗೆ. ನಾಲ್ಕು ವರ್ಷದ ಕೊನೆಗೆ ಸರ್ಕಾರದ ಪಾಲೂ ಬಡ್ಡಿಯೂ ಸೇರಿ ಸುಮಾರು 11.71 ಲಕ್ಷ. ಸೇನೆಯಲ್ಲಿ ಉಳಿಯುವವರು ನೂರಕ್ಕೆ ಹೆಚ್ಚೆಂದರೆ 25. ಉಳಿದವರ ಗತಿ? ಎರಡೆರಡು ವರ್ಷದ ಕರಾರಿನ ಮೇಲೆ ಮನೆ ಕಟ್ಟಿಸಿ, ತಂಗಿಯರ ಮದುವೆ ಮಾಡಿದ ನಮಗೆ ಆ ಚಿಂತೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಪ್ಪನನ್ನೇ ಕೇಳಿದೆವು. "ನನ್ನ ಅಕಾಮಾ ಎಷ್ಟ ದಿನ ಅಂತ ನನಗ ಗೊತ್ತಿಲ್ರಿ, ಅವನಿಗೆ ನಾಲ್ಕ ವರ್ಷ ಅಂತರ ಗೊತ್ತೈತಿ" ಅಂದರು.

ಶುಕ್ರವಾರದ ಕಾರ್ಯಕ್ರಮಕ್ಕೆ ಅವರು ನೇರ ಕೆಲಸದಿಂದ, ಕಂಪನಿಯ ಬಟ್ಟೆಯಲ್ಲೇ ಬಂದರು. ನಮ್ಮ ನಿರೂಪಕರು ದೇಶಭಕ್ತಿಯ ಮೇಲೆ ಹತ್ತು ನಿಮಿಷ ಮಾತಾಡಿದರು, ಇಷ್ಟು ಬೇಕಿರಲಿಲ್ಲ. ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ ಮೈಕು ಕೊಟ್ಟಾಗ ಅಪ್ಪ ಹೇಳಿದ್ದು ಇಷ್ಟೇ: "ನನಗ ಮಾತಾಡಾಕ ಬರೂದಿಲ್ರಿ. ಅವರವ್ವ ಒಬ್ಬಾಕೀನ ಬೆಳೆಸ್ಯಾಳ. ಈ ಶಾಲು ಆಕೀಗೆ ಒಯ್ತೇನಿ."

ಶಾಲು ಇನ್ನೂ ಅವರ ಮಂಚದ ಕೆಳಗಿನ ಸೂಟ್‌ಕೇಸಿನಲ್ಲೇ ಇದೆ. ಊರಿಗೆ ಯಾವಾಗ, ಮಗನೂ ಆಗಲೇ ಬರುತ್ತಾನೋ ಎಂದು ಮೊನ್ನೆ ಕೇಳಿದೆವು. "ಅವನ ಸಾಹೇಬ್ರೂ ಹೇಳಿಲ್ಲ, ನನ್ನ ಸಾಹೇಬ್ರೂ ಹೇಳಿಲ್ಲ" ಎಂದು ನಕ್ಕರು.