ಮಕ್ಕಳ ಕಥೆ, ಕೋಟಿಗಳ ಚಿತ್ರ

ಇಂಗ್ಲೆಂಡಿನ ಲೇಖಕ ಫಿಲಿಪ್ ಪುಲ್‌ಮನ್ 1995ರಲ್ಲಿ ‘ನಾರ್ದರ್ನ್ ಲೈಟ್ಸ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಮಕ್ಕಳ ಸಾಹಿತ್ಯಕ್ಕೆ ಆ ದೇಶದಲ್ಲಿ ಸಲ್ಲುವ ಹಿರಿಯ ಗೌರವವಾದ ಕಾರ್ನೆಗಿ ಪದಕ ಅದಕ್ಕೆ ದೊರೆಯಿತು. ಅಮೆರಿಕದಲ್ಲಿ ‘ದಿ ಗೋಲ್ಡನ್ ಕಂಪಾಸ್’ ಎಂದು ಹೆಸರಾದ ಈ ಕೃತಿ 2007ರಲ್ಲಿ ಅದೇ ಹೆಸರಿನಿಂದ ಚಲನಚಿತ್ರವಾಯಿತು. ವೆಚ್ಚ ಸುಮಾರು 18 ಕೋಟಿ ಡಾಲರು. ಇಷ್ಟು ಹಣ ಸುರಿದರೂ ಚಿತ್ರವೇಕೆ ಮನಸ್ಸನ್ನು ತುಂಬಲಿಲ್ಲವೆಂಬುದು, ಮಕ್ಕಳೊಡನೆ ಕುಳಿತು ಚಿತ್ರ ನೋಡುವ ತಂದೆತಾಯಿಗಳು ಯೋಚಿಸತಕ್ಕ ವಿಷಯವಾಗಿದೆ.

ಪುಸ್ತಕದ ಮೂಲ ಕಲ್ಪನೆಯೇ ಮನೋಹರವಾದುದು. ಆ ಲೋಕದಲ್ಲಿ ಮನುಷ್ಯನ ಆತ್ಮ ದೇಹದೊಳಗೆ ಅಡಗಿರುವುದಿಲ್ಲ. ಪ್ರಾಣಿಯ ರೂಪ ತಾಳಿ ಅವನ ಪಕ್ಕದಲ್ಲಿಯೇ ನಡೆಯುತ್ತದೆ, ಅವನೊಡನೆ ಮಾತನಾಡುತ್ತದೆ. ಅದಕ್ಕೆ ‘ಡೀಮನ್’ ಎಂದು ಹೆಸರು. ಮಕ್ಕಳ ಡೀಮನ್ ಕ್ಷಣಕ್ಕೊಂದು ರೂಪ ತಾಳುತ್ತದೆ. ಪ್ರಾಯ ಬಂದಾಗ ಒಂದೇ ರೂಪದಲ್ಲಿ ನೆಲೆ ನಿಲ್ಲುತ್ತದೆ. ಬೆಳೆಯುವ ಮಕ್ಕಳಿರುವ ಮನೆಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಳವಾದ ಗೆಳೆಯ ರೋಜರನನ್ನು ಹುಡುಕುತ್ತ ಲೈರಾ ಎಂಬ ಬಾಲಕಿ ಉತ್ತರದ ಹಿಮಪ್ರದೇಶಕ್ಕೆ ಹೋಗುತ್ತಾಳೆ. ಅಲ್ಲಿ ಮಕ್ಕಳನ್ನು ಅವರ ಡೀಮನ್‌ಗಳಿಂದ ಕತ್ತರಿಸಿ ಬೇರ್ಪಡಿಸುವ ಘೋರ ಪ್ರಯೋಗ ನಡೆದಿರುತ್ತದೆ. ಹಾಗೆ ಕತ್ತರಿಸಲ್ಪಟ್ಟ ಬಾಲಕನೊಬ್ಬ ತನ್ನ ಡೀಮನ್ನಿಗೆ ಬದಲಾಗಿ ಒಂದು ಒಣಮೀನನ್ನು ಎದೆಗವಚಿಕೊಂಡಿರುವುದನ್ನು ಲೈರಾ ಕಾಣುತ್ತಾಳೆ. ಅವನು ಬದುಕುವುದಿಲ್ಲ. ದೊಡ್ಡವರು ಆ ಮೀನನ್ನು ನಾಯಿಗಳಿಗೆ ಹಾಕಿಬಿಟ್ಟರೆಂದು ತಿಳಿದು ಅವಳು ಕೆರಳುತ್ತಾಳೆ. ಬಂಗಾರದ ನಾಣ್ಯದ ಮೇಲೆ ಅವನ ಡೀಮನ್ನಿನ ಹೆಸರನ್ನು ಕೆತ್ತಿ ಶವದ ಬಾಯಿಯಲ್ಲಿ ಇಡುತ್ತಾಳೆ. ಇಡೀ ಕಾದಂಬರಿಯ ಕರುಣೆ ಈ ಒಂದೆರಡು ಪುಟಗಳಲ್ಲಿ ನೆಲೆಸಿದೆಯೆಂದರೆ ಅತಿಶಯೋಕ್ತಿಯಲ್ಲ. ಚಿತ್ರದಲ್ಲಿಯೋ, ಆ ಸ್ಥಾನಕ್ಕೆ ಬೇರೊಬ್ಬ ಬಾಲಕ ಬರುತ್ತಾನೆ, ತಾಯಿಯ ಮಡಿಲನ್ನು ಸೇರುತ್ತಾನೆ, ಕಥೆ ಅವಸರದಿಂದ ಮುಂದೆ ಓಡುತ್ತದೆ.

ಕೊನೆಯನ್ನಂತೂ ಮುರಿದೇ ಬಿಟ್ಟಿದ್ದಾರೆ. ಪುಸ್ತಕದಲ್ಲಿ ಲೈರಾ ಪಾರುಮಾಡಿದ ರೋಜರ್, ಆಕೆಯ ಸ್ವಂತ ತಂದೆಯ ಕೈಯಿಂದಲೇ ಬಲಿಯಾಗುತ್ತಾನೆ. ಗೆಳೆಯನನ್ನು ಆ ಸ್ಥಳಕ್ಕೆ ಕರೆತಂದವಳು ತಾನೇ ಎಂಬ ಅರಿವಿನಿಂದ ಅವಳು ಬಾಲ್ಯವನ್ನು ದಾಟುತ್ತಾಳೆ. ನಿರ್ದೇಶಕ ಕ್ರಿಸ್ ವೈಟ್ಸ್ ಈ ಭಾಗದ ದೃಶ್ಯಗಳನ್ನು ಚಿತ್ರೀಕರಿಸಿದ್ದರು. ಆದರೆ ನೋಡುಗರು ಭರವಸೆಯಿಂದ ಹೊರಬರಲಿ ಎಂದು ಅವನ್ನು ಮುಂದಿನ ಚಿತ್ರಕ್ಕಾಗಿ ತೆಗೆದಿರಿಸಲಾಯಿತು. ಮುಂದಿನ ಚಿತ್ರ ಬರಲೇ ಇಲ್ಲ. ಹೀಗಾಗಿ ಇಬ್ಬರು ಮಕ್ಕಳೂ ಆಕಾಶಯಾನದಲ್ಲಿ ನಗುನಗುತ್ತ ತಂದೆಯತ್ತ ಸಾಗುತ್ತಲೇ ಉಳಿದಿದ್ದಾರೆ!

ಚರ್ಚಿನ ಅಧಿಕಾರವನ್ನು ಪುಲ್‌ಮನ್ ಕಟುವಾಗಿ ಟೀಕಿಸಿದ್ದರು. ವಿರೋಧಕ್ಕೆ ಅಂಜಿ ಚಿತ್ರದಲ್ಲಿ ಅದನ್ನು ತೆಳುಗೊಳಿಸಿದರು. ಆದರೂ ಅಮೆರಿಕದ ಕ್ಯಾಥೊಲಿಕ್ ಲೀಗ್ ಬಹಿಷ್ಕಾರಕ್ಕೆ ಕರೆಕೊಟ್ಟಿತು, ಪುಸ್ತಕಪ್ರಿಯರಿಗೂ ಬೇಸರವಾಯಿತು. ಎರಡೂ ಕಡೆಯವರನ್ನು ಒಲಿಸಹೋದವರಿಗೆ ಇಬ್ಬರೂ ದಕ್ಕಲಿಲ್ಲ.

ಗುಣಗಳಿಲ್ಲವೆಂದಲ್ಲ. ಲೈರಾ ಆಗಿ ಡಕೋಟಾ ಬ್ಲೂ ರಿಚರ್ಡ್ಸ್ ಎಂಬ ಹುಡುಗಿ ದಿಟ್ಟವಾಗಿ ನಟಿಸಿದ್ದಾಳೆ. ಕವಚಧಾರಿ ಹಿಮಕರಡಿಗಳು ಕಣ್ಣಿಗೆ ಹಬ್ಬ. ದೃಶ್ಯಚಮತ್ಕಾರಕ್ಕೆ 2008ರಲ್ಲಿ ಆಸ್ಕರ್ ಕೂಡ ಬಂದಿತು. ಅಮೆರಿಕದಲ್ಲಿ ಗಳಿಕೆ ಮಾತ್ರ ಸುಮಾರು 7 ಕೋಟಿ ಡಾಲರು. ಹೊರದೇಶಗಳಲ್ಲಿ ಚೆನ್ನಾಗಿಯೇ ನಡೆಯಿತಾದರೂ ಅಲ್ಲಿಯ ಹಕ್ಕುಗಳನ್ನು ನ್ಯೂ ಲೈನ್ ಸಂಸ್ಥೆ ಮೊದಲೇ ಮಾರಿಕೊಂಡಿತ್ತು. 2008ರಲ್ಲಿ ಆ ಸಂಸ್ಥೆಯೇ ವಾರ್ನರ್ ಬ್ರದರ್ಸ್‌ನಲ್ಲಿ ವಿಲೀನವಾಯಿತು.

ಮುಂದೆ ಬಿಬಿಸಿ ಮತ್ತು ಎಚ್‌ಬಿಒ ಸೇರಿ 2019ರಿಂದ 2022ರವರೆಗೆ ಮೂರು ಭಾಗಗಳ ಧಾರಾವಾಹಿಯಾಗಿ ಇಡೀ ಕಥೆಯನ್ನು ತೆರೆಗೆ ತಂದವು. ಅದರಲ್ಲಿ ರೋಜರನ ಸಾವನ್ನು ಮರೆಮಾಚಿಲ್ಲ. ಆದರೂ ಇಂಗ್ಲಿಷ್ ಬಲ್ಲ ಮಕ್ಕಳ ಕೈಗೆ ಮೊದಲು ಪುಸ್ತಕವನ್ನೇ ಕೊಡುವುದು ಲೇಸು. ಕೊನೆಯ ಅಧ್ಯಾಯಗಳನ್ನು ಅವರು ಓದುವಾಗ ತಾಯಿಯೋ ತಂದೆಯೋ ಹತ್ತಿರವಿರಲಿ. ಪ್ರಶ್ನೆಗಳು ಬಂದೇ ಬರುತ್ತವೆ.